ಮಾವನ ಟ್ರಂಕು, 147 ಕಾಮಿಕ್ಸು, ಒಂದು ಚೀಟಿ

ಮೇ 18, 2024, ಶನಿವಾರ

ಸಾಗರದಿಂದ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಟ್ರಂಕು ಬಂತು. ಬೀಗದ ಕೈ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಸುತ್ತಿಗೆಯ ಎರಡು ಏಟಿಗೆ ಬೀಗದ ಜೊತೆ ಕೊಂಡಿಯೂ ಕಿತ್ತು ಬಂತು. ಮುಚ್ಚಳ ತೆಗೆದರೆ ಬಚ್ಚಲ ಒಲೆಯ ಹೊಗೆ, ನುಸಿಗುಳಿಗೆ, ಹಳೇ ಕಾಗದ ಮೂರೂ ಸೇರಿದ ಘಾಟು.

ನನ್ನ ಸೋದರಮಾವ ಸಾಗರದ ಪೇಟೆಯಲ್ಲಿ ಸಣ್ಣದೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟಿದ್ದರು. ಬಾಗಿಲು ಹಾಕಿದ ಮೇಲೆ ಕಾದಂಬರಿಗಳು ಹೇಗೋ ಚದುರಿಹೋದವು, ಕಾಮಿಕ್ಸು ಮಾತ್ರ ಅಟ್ಟ ಸೇರಿದ್ದವು. ಮೂವತ್ತು ಚಿಲ್ಲರೆ ಮಳೆಗಾಲ ಅಲ್ಲೇ. ಹೊಗೆ ಬಡಿದು ಹಾಳಾಗಿವೆಯಲ್ಲ ಎಂದರೆ ಅತ್ತೆ ಫೋನಿನಲ್ಲಿ ನಕ್ಕರು. "ಹೊಗೆ ಕುಡಿದಿದ್ದಕ್ಕೇ ಉಳಿದಿದೆ ಮಾರಾಯ. ಇಲ್ಲದಿದ್ರೆ ಗೆದ್ದಲು ಎಂದೋ ಮಣ್ಣು ಮಾಡ್ತಿತ್ತು."

ಎಣಿಕೆ: ಕನ್ನಡ ಇಂದ್ರಜಾಲ ಕಾಮಿಕ್ಸ್ (ಫ್ಯಾಂಟಮ್, ಮ್ಯಾಂಡ್ರೇಕ್ ಬರುವಂಥವು) 83, ಕನ್ನಡ ಅಮರ ಚಿತ್ರ ಕಥೆ 41, ಇಂಗ್ಲಿಷ್ ಅಮರ ಚಿತ್ರ ಕಥೆ 6, ಚಂದಮಾಮ 9, ರಕ್ಷಾಪುಟವಿಲ್ಲದೆ ಯಾವುದೆಂದು ತಿಳಿಯದವು 8. ಒಟ್ಟು 147. ಮಕ್ಕಳಿಗೆ ಓದಲು ಆಗಬೇಕು, ಬೆಲೆ ಬಾಳುವುದು ಏನಾದರೂ ಇದ್ದರೆ ಅದು ಕೆಡಬಾರದು. ಎರಡೂ ಒಂದೇ ಕೆಲಸ ಅಂದುಕೊಂಡಿದ್ದೆ.

ಮೇ 19ರಿಂದ 27: ಫ್ರೀಜರ್

ಮೊದಲ ತಪ್ಪು ಅರ್ಧ ದಿನದಲ್ಲೇ ಆಯಿತು. ವಾಸನೆ ಹೋಗಲಿ ಎಂದು ಹತ್ತು ಪುಸ್ತಕ ಟೆರೇಸಿನ ಮೇಲೆ ಬಿಸಿಲಿಗೆ ಹರಡಿದೆ. ಎರಡು ಗಂಟೆ ಬಿಟ್ಟು ಹೋದರೆ ರಕ್ಷಾಪುಟಗಳು ಹಪ್ಪಳದ ಹಾಗೆ ಸುರುಳಿ ಸುತ್ತಿದ್ದವು. ಬಿಡಿಸಲು ಹೋದ ಎರಡರ ಮೂಲೆ ಚಟ್ ಎಂದು ಮುರಿಯಿತು. ಹರಿದಿದ್ದಲ್ಲ, ಮುರಿದಿದ್ದು. ಬಿಸಿಲ ಆಟ ಅಲ್ಲಿಗೇ ನಿಲ್ಲಿಸಿದೆ.

ಹಾಳೆಗಳ ನಡುವೆ ಸಿಲ್ವರ್‌ಫಿಶ್ ಹುಳು ಜೀವಂತ ಓಡಾಡುತ್ತಿದ್ದವು. ಔಷಧ ಹೊಡೆಯಲು ಮನಸ್ಸಾಗಲಿಲ್ಲ. ಜಿಪ್ ಕವರಿನಲ್ಲಿ ಎಂಟೆಂಟು ಪುಸ್ತಕ ಹಾಕಿ, ಗಾಳಿ ಒತ್ತಿ ತೆಗೆದು, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಇಟ್ಟೆ. ಒಮ್ಮೆಗೇ ಎಲ್ಲ ಹಿಡಿಯಲಿಲ್ಲ. ಹುಳು ಕಂಡ ಕಟ್ಟುಗಳಷ್ಟೇ ಒಳಗೆ ಹೋದವು, ಒಂದು ವಾರ ಪೂರ್ತಿ.

"ಇದೇನ್ರೀ, ಬಟಾಣಿ ಪಕ್ಕ ಫ್ಯಾಂಟಮ್?" ಎಂದಳು ಹೆಂಡತಿ. ವಾರ ಕಳೆಯುವವರೆಗೆ ಐಸ್‌ಕ್ರೀಮ್ ತರಬಾರದು ಎಂದಿದ್ದಕ್ಕೆ ಮಗಳು ಮಾತು ಬಿಟ್ಟಳು.

ಇಲ್ಲಿ ಎರಡನೇ ತಪ್ಪು. ಹೊರಗೆ ತೆಗೆದ ಮೊದಲ ಕವರನ್ನು ಆತುರಕ್ಕೆ ಒಂದು ಗಂಟೆಯಲ್ಲೇ ಬಿಚ್ಚಿದೆ. ತಣ್ಣಗಿನ ಕಾಗದದ ಮೇಲೆ ಕ್ಷಣದಲ್ಲಿ ಇಬ್ಬನಿ ಕೂತಿತು. ಒತ್ತಿ ಒಣಗಿಸಿದರೂ ಒಂದು ಚಂದಮಾಮದ ಎರಡು ಪುಟ ಒಂದಕ್ಕೊಂದು ಮೆತ್ತಿಕೊಂಡವು. ಉಳಿದ ಕವರುಗಳನ್ನು ಹೊರಗಿಟ್ಟು, ಪೂರ್ತಿ ಒಂದು ದಿನ ಬಿಟ್ಟು ಬಿಚ್ಚಿದೆ. ಅವಕ್ಕೇನೂ ಆಗಲಿಲ್ಲ.

ವಾಸನೆಗೆ ಕೊನೆಗೆ ಕೆಲಸ ಮಾಡಿದ್ದು ಅಡುಗೆ ಸೋಡಾ. ಮುಚ್ಚಳದ ಡಬ್ಬಿಯ ತಳಕ್ಕೆ ತಟ್ಟೆಯಲ್ಲಿ ಸೋಡಾ, ಮೇಲೆ ಜಾಲರಿ, ಅದರ ಮೇಲೆ ಪುಸ್ತಕ, ಎರಡು ವಾರ. ಹೊಗೆ ವಾಸನೆ ಮುಕ್ಕಾಲು ಇಳಿಯಿತು. ನುಸಿಗುಳಿಗೆಯದು ಈಗಲೂ ಇದೆ.

ಜೂನ್ 1 ಮತ್ತು 2: ಮೂರು ರಾಶಿ

ನೆಲದ ಮೇಲೆ ಬೆಡ್‌ಶೀಟು ಹಾಸಿ ಮೂರು ರಾಶಿ ಮಾಡಿದೆ. "ಮುಟ್ಟಬೇಡ" 52, "ಓದೋಕೆ" 57, "ಆಸ್ಪತ್ರೆ" 38.

ಯಾವುದು ಯಾವ ಕಾಲದ್ದು ಎಂದು ಕಂಡುಹಿಡಿಯುವುದೇ ಎರಡು ದಿನದ ಕೆಲಸ. ಇಂದ್ರಜಾಲ ಕಾಮಿಕ್ಸ್ ಶುರುವಾಗಿದ್ದು 1964ರ ಮಾರ್ಚಿನಲ್ಲಿ, ಟೈಮ್ಸ್ ಆಫ್ ಇಂಡಿಯಾ ಬಳಗದಿಂದ. 1990ಕ್ಕೆ ನಿಲ್ಲುವ ಹೊತ್ತಿಗೆ 803 ಸಂಚಿಕೆ ಬಂದಿದ್ದವು. ಕನ್ನಡ ಆವೃತ್ತಿ ಬಂದಿದ್ದು ಆಮೇಲೆ. ಹಳೆಯವುಗಳ ಮೇಲೆ ನೇರ ಸರಣಿ ಸಂಖ್ಯೆ ಇರುತ್ತದೆ, ಕೊನೆಕೊನೆಯವಕ್ಕೆ ಸಂಪುಟ, ಸಂಚಿಕೆ ಎಂಬ ಲೆಕ್ಕ. ರಕ್ಷಾಪುಟ ಹೋದವಕ್ಕೆ ಒಳಗಿನ ಕಥೆಯೇ ಗತಿ. ಆಬಿದ್ ಸುರತಿ ಸೃಷ್ಟಿಸಿದ ನಾಯಕ ಬಹಾದೂರ್ ಬಂದಿದ್ದು 1976ರಲ್ಲಿ. ಹಾಗಾಗಿ ಬಹಾದೂರ್ ಇರುವ ಸಂಚಿಕೆ ಅದಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ಅನಾಥ ಎಂಟರಲ್ಲಿ ಮೂರಕ್ಕೆ ಹೀಗೆ ಮನೆ ಸಿಕ್ಕಿತು.

ಅಮರ ಚಿತ್ರ ಕಥೆಯಲ್ಲಿ ನಾನು ಹಳ್ಳಕ್ಕೆ ಬಿದ್ದೆ. ಒಂಬತ್ತು ಪುಸ್ತಕಗಳನ್ನು "ಮೊದಲ ಮುದ್ರಣ" ಎಂದು ಬರೆದಿಟ್ಟುಕೊಂಡು ಎರಡು ದಿನ ಬೀಗಿದೆ. ಆಮೇಲೆ ಒಳಗಿನ "ನಮ್ಮ ಇತರ ಪ್ರಕಟಣೆಗಳು" ಪಟ್ಟಿ ಓದಿದೆ. ತನಗಿಂತ ನೂರು ಸಂಖ್ಯೆ ಮುಂದಿನ ಶೀರ್ಷಿಕೆ ಪಟ್ಟಿಯಲ್ಲಿದ್ದರೆ ಆ ಪ್ರತಿ ಮೊದಲನೆಯದು ಹೇಗಾದೀತು? ಏಳು ಅಲ್ಲಿಗೇ ಉದುರಿದವು. 500ರ ಮೇಲಿನ ಸಂಖ್ಯೆ ಹೊತ್ತ ಹಳೇ ಕಥೆಗಳೂ ಮರುಮುದ್ರಣವೇ. "ಕೃಷ್ಣ" ಮೊದಲು 11 ಆಗಿದ್ದದ್ದು ಆಮೇಲೆ 501 ಆಯಿತು. ಮುಖಪುಟ ನೋಡಿ ಹಿಗ್ಗಬಾರದು, ಪಟ್ಟಿ, ಜಾಹೀರಾತು, ಬೆಲೆ ಮೂರನ್ನೂ ನೋಡಬೇಕು.

ಆ 11 ಎಂಬ ಸಂಖ್ಯೆಯ ಹಿಂದೆ ನಮ್ಮ ಬೆಂಗಳೂರಿನ ಕಥೆಯಿದೆ. ಅಮರ ಚಿತ್ರ ಕಥೆ ಅಂದರೆ 1967, ಕಾರ್ಕಳದಲ್ಲಿ ಹುಟ್ಟಿದ ಸಂಪಾದಕ ಅನಂತ ಪೈ, "ಕೃಷ್ಣ" ಎಂದೇ ಎಲ್ಲರ ನೆನಪು. ಹಾಗಾದರೆ ಒಂದರಿಂದ ಹತ್ತು ಎಲ್ಲಿ? ಅವು ಕನ್ನಡದಲ್ಲಿದ್ದವು. ಅಮರ ಚಿತ್ರ ಕಥೆಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಆಸ್ಥೆಯಿಂದ 1965ರಲ್ಲಿ ಬಂದ ಹತ್ತು ಪಾಶ್ಚಾತ್ಯ ಮಕ್ಕಳ ಕಥೆಗಳು ಅವು. ಸಿಂಡ್ರೆಲಾ ಅದರಲ್ಲೊಂದು.

ಹೇಳಲು ಕಾರಣವಿದೆ. ಟ್ರಂಕಿನ ತಳದಲ್ಲಿ, ಕಂದು ಬೈಂಡ್ ಕಾಗದ ಸುತ್ತಿದ, ಹಿಂಬದಿಯ ರಕ್ಷಾಪುಟ ಇಲ್ಲದ, ಕನ್ನಡದ ಸಿಂಡ್ರೆಲಾ ಒಂದು ಇತ್ತು. ಪ್ರಕಾಶಕರ ವಿವರ ಇರಬೇಕಾದ ಒಳಪುಟವನ್ನು ಗೆದ್ದಲು ತಿಂದಿತ್ತು. ಮುಖಪುಟದ ಎಡ ಮೇಲ್ಮೂಲೆಯಲ್ಲಿ ಮಾವನ ಲೈಬ್ರರಿಯ ಚೀಟಿ: "ದಿನ ಒಂದಕ್ಕೆ 10 ಪೈಸೆ. ಹಾಳೆ ಮಡಚಬಾರದು." ಗುರುತು, ಸಂಖ್ಯೆ ಏನೇ ಇದ್ದರೂ ಆ ಚೀಟಿಯ ಅಡಿಯಲ್ಲೇ ಇರಬೇಕು. ಪುಸ್ತಕವನ್ನು "ಮುಟ್ಟಬೇಡ" ರಾಶಿಯ ತುದಿಗೆ ಇಟ್ಟೆ.

ಜೂನ್ 8: ಪಿನ್ನು

ಸಾಮಾನು: ತೆಳು ಬ್ಲೇಡಿನ ಕಟರ್, ಚಿಮಟ, 6ನೇ ನಂಬರಿನ ಪೇಂಟ್ ಬ್ರಷ್ (ಎಲ್ಲ ಸೇರಿ ₹180), ಹಳೇ ಎಕ್ಸ್‌ರೇ ಫಿಲಂನ ಒಂದು ಪಟ್ಟಿ.

"ಆಸ್ಪತ್ರೆ" ರಾಶಿಯ ಪುಸ್ತಕಗಳ ಬೆನ್ನಿಗೆ ಹೊಡೆದ ಪಿನ್ನುಗಳು ತುಕ್ಕು ಹಿಡಿದು ಕಾಗದ ತಿನ್ನುತ್ತಿದ್ದವು, ಅವನ್ನು ತೆಗೆಯಬೇಕಿತ್ತು. ಪುಸ್ತಕದ ನಟ್ಟನಡುವಿನ ಪುಟ ಬಿಚ್ಚಬೇಕು. ಪಿನ್ನಿನ ಮಡಚಿದ ಕಾಲುಗಳು ಅಲ್ಲಿ ಸಿಗುತ್ತವೆ. ಕಾಲಿನ ಅಡಿಗೆ ಎಕ್ಸ್‌ರೇ ಪಟ್ಟಿ ತೂರಿಸಿ, ಅದರ ಮೇಲೆ ಬ್ಲೇಡ್ ಇಟ್ಟು ಮೆಲ್ಲಗೆ ಎತ್ತಿದರೆ ಕಾಗದಕ್ಕೆ ಪೆಟ್ಟಾಗುವುದಿಲ್ಲ. ಕಾಲು ನೆಟ್ಟಗಾದ ಮೇಲೆ ಬೆನ್ನಿನ ಕಡೆಯಿಂದ ಚಿಮಟದಲ್ಲಿ ಎಳೆಯುವುದು. ತುಕ್ಕು ಹೆಚ್ಚಿದ್ದರೆ ಪಿನ್ನು ಒಳಗೇ ಮುರಿಯುತ್ತದೆ. ಆಗ ತುಂಡು ತುಂಡಾಗಿ ಆರಿಸಬೇಕು, ಬ್ರಷ್‌ನಲ್ಲಿ ತುಕ್ಕಿನ ಪುಡಿ ಹೊಡೆಯಬೇಕು. ಪುಡಿಯನ್ನು ಬೆರಳಲ್ಲಿ ಒರೆಸಬಾರದು, ಕಂದು ಗೆರೆ ಎಳೆದಂತೆ ಮೆತ್ತುತ್ತದೆ. ಎರಡು ಪುಟದಲ್ಲಿ ನನ್ನ ಹೆಬ್ಬೆಟ್ಟಿನ ಗುರುತು ಶಾಶ್ವತವಾಗಿ ಉಳಿದಿದೆ.

ಒಂದು ಪುಸ್ತಕಕ್ಕೆ ಮೊದಲು ಇಪ್ಪತ್ತು ನಿಮಿಷ ಬೇಕಾಯಿತು, ಸಂಜೆ ಹೊತ್ತಿಗೆ ಆರು ನಿಮಿಷ. ಕೈ ಪಳಗಿತು, ತಲೆ ಕೆಟ್ಟಿತು. ಆಸ್ಪತ್ರೆಯ 38 ಮುಗಿದಾಗ ರಾತ್ರಿ ಹತ್ತೂವರೆ. ಅದೇ ಹುಮ್ಮಸ್ಸಿನಲ್ಲಿ "ಮುಟ್ಟಬೇಡ" ರಾಶಿಯಿಂದ ಸ್ವಲ್ಪ ಕೆಂಪಾಗಿದ್ದ ಹದಿನಾಲ್ಕು ಇಂದ್ರಜಾಲಗಳ ಪಿನ್ನನ್ನೂ ಕಿತ್ತೆ. ರಾಶಿಗೆ ಹೆಸರಿಟ್ಟವನು ನಾನೇ. ಕಿತ್ತ ಪಿನ್ನುಗಳನ್ನು ಗುಡಿಸಿ ಕಸಕ್ಕೆ ಹಾಕಿದೆ.

ಜೂನ್ 15, 16: ದಾರ ಮತ್ತು ಅಂಟು

ಪಿನ್ನಿನ ಕಾಲು ಬಿಟ್ಟ ತೂತುಗಳಲ್ಲೇ ದಾರ ಹೊಲಿಯುವುದು ನಿಯಮ, ಹೊಸ ತೂತು ಹಾಕುವಂತಿಲ್ಲ. ಮಾವ ಬಾಡಿಗೆ ಪ್ರತಿಗಳಿಗೆ ಮಾರ್ಜಿನಿನಲ್ಲೇ ದಬ್ಬಣ ಹೊಡೆದು ಹುರಿಯಲ್ಲಿ ಬಿಗಿದಿದ್ದರು. ಅವು ಇನ್ನೈವತ್ತು ವರ್ಷ ಬಿಚ್ಚುವುದಿಲ್ಲ, ಆದರೆ ಒಳ ಅಂಚಿನ ಮಾತುಗಳನ್ನು ಓದಬೇಕೆಂದರೆ ಪುಸ್ತಕದೊಳಗೆ ಮೂಗು ತೂರಿಸಬೇಕು.

ಮೊದಲ ಪ್ರಯತ್ನಕ್ಕೆ ಮನೆಯಲ್ಲಿದ್ದ ಹೊಲಿಗೆ ದಾರವನ್ನೇ ನಾಲ್ಕು ಎಳೆ ಮಾಡಿ ಎಳೆದೆ. ಬೆನ್ನು ಅಂಚೆಚೀಟಿಯ ಅಂಚಿನಂತೆ ಸರ್ರನೆ ಹರಿಯಿತು. ದಾರವನ್ನು ಮೇಲಕ್ಕೆ ಎಳೆದದ್ದು ತಪ್ಪು. ಬೆನ್ನಿನ ಉದ್ದಕ್ಕೆ, ಪುಸ್ತಕಕ್ಕೆ ಮಟ್ಟವಾಗಿ ಎಳೆದರೆ ತೂತು ಅಗಲವಾಗುವುದಿಲ್ಲ. ಲಿನನ್ ದಾರ ತಂದೆ (₹150). ಗಂಟು ಒಳಗಡೆ, ನಡುಪುಟದಲ್ಲಿ ಬರಬೇಕು.

ಸವೆದ ಬೆನ್ನಿಗೆ ಹೊಲಿಯುವ ಮೊದಲು ಒಳಗಿನಿಂದ ಜಪಾನಿ ಟಿಶ್ಯೂ ಎಂಬ ತೆಳು ಕಾಗದದ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಅಂಟಿಸಿದೆ. ಮೂರು ಹಾಳೆಗೆ ₹900, ಇಡೀ ಕೆಲಸದಲ್ಲಿ ಕೈ ನಡುಗಿಸಿದ ಖರ್ಚು. ಇದನ್ನು ಕತ್ತರಿಸುವುದಲ್ಲ. ಒದ್ದೆ ಬ್ರಷ್‌ನಲ್ಲಿ ಗೆರೆ ಎಳೆದು, ಆ ಗೆರೆಗುಂಟ ಹರಿಯುವುದು. ಅಂಚಿನಲ್ಲಿ ನವಿರಾದ ಎಳೆಗಳು ಉಳಿಯುತ್ತವೆ, ಅವು ಕಾಗದದಲ್ಲಿ ಬೆರೆತುಹೋಗುತ್ತವೆ. ಕತ್ತರಿಯಲ್ಲಿ ಕತ್ತರಿಸಿದ ಪಟ್ಟಿಯ ಅಂಚು ಬ್ಯಾಂಡೇಜಿನಂತೆ ಎದ್ದು ಕಾಣುತ್ತದೆ. ನಾಲ್ಕರಲ್ಲಿ ಕಾಣುತ್ತಿದೆ.

ಅಂಟಿನ ವಿಷಯಕ್ಕೆ ಬರೋಣ. ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯಲ್ಲಿ ಬೈಂಡಿಂಗ್ ಮಾಡುವವರೊಬ್ಬರನ್ನು ಕೇಳಿದೆ. "ಮೈದಾ ಕುದಿಸಿ, ಚಿಟಿಕೆ ಮೈಲುತುತ್ತ ಹಾಕಿ ಸಾರ್. ಹುಳ ಹತ್ರಾನೂ ಬರಲ್ಲ." ಬೈಂಡಿಂಗಿನವರ ಹಳೇ ಪದ್ಧತಿ ಅದು. ಮೂರು ಪುಸ್ತಕಕ್ಕೆ ಹಾಗೇ ಮಾಡಿದೆ. ಹುಳು ಬರಲಿಕ್ಕಿಲ್ಲ ನಿಜ, ಆದರೆ ಅಂಟು ತಾಗಿದಲ್ಲೆಲ್ಲ ತಿಳಿ ಹಸಿರು ಛಾಯೆ. ತಾಮ್ರದ ಅಂಶ ಕಾಗದವನ್ನು ಬೇಗ ಮುಪ್ಪಾಗಿಸುತ್ತದೆ ಎಂದು ಓದಿದ್ದು ಆಮೇಲೆ. ಉಳಿದವಕ್ಕೆ ಬೇರೆ ದಾರಿ ಹಿಡಿದೆ. ಮೈದಾ ಹಿಟ್ಟನ್ನು ಕಣಕದ ಹಾಗೆ ಕಲಸಿ, ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದರೆ ಕೈಯಲ್ಲಿ ರಬ್ಬರಿನಂಥ ಜಿಗುಟು ಉಳಿಯುತ್ತದೆ, ಪಾತ್ರೆಯಲ್ಲಿ ಬಿಳಿ ನೀರು. ರಾತ್ರಿಯಿಡೀ ಬಿಟ್ಟರೆ ತಳದಲ್ಲಿ ಪಿಷ್ಟ ಕೂರುತ್ತದೆ. ಹಾಲುಬಾಯಿಗೆ ಅಕ್ಕಿಹಾಲು ಕೂರಿಸಿದ ಹಾಗೇ. ಒಂದು ಪಾಲು ಪಿಷ್ಟಕ್ಕೆ ಐದು ಪಾಲು ನೀರು, ಸಣ್ಣ ಉರಿ, ಕೈಬಿಡದೆ ತಿರುವಬೇಕು. ಎರಡು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ, ಹುಳಿ ಬರುತ್ತದೆ.

ಒಣಗಿಸಲು ಮೇಲೆ ಕೆಳಗೆ ಬ್ಲಾಟಿಂಗ್ ಪೇಪರ್, ಮೇಲೆ ಐದು ಕಿಲೋ ಅಕ್ಕಿ ಚೀಲ. ಅಂಟಿಗೂ ಬ್ಲಾಟಿಂಗ್ ಪೇಪರಿಗೂ ನಡುವೆ ಬಟರ್ ಪೇಪರ್ ಇಡಬೇಕು ಎಂಬುದನ್ನು ಒಂದು ಬೀರಬಲ್ ಪುಸ್ತಕ ಬಲಿ ಕೊಟ್ಟು ಕಲಿತೆ.

ಜೂನ್ 22: ಸೆಲೊಟೇಪು

ಹೇರ್ ಡ್ರೈಯರಿನ ಬಿಸಿ ಕೊಟ್ಟರೆ ಟೇಪಿನ ಪ್ಲಾಸ್ಟಿಕ್ ಪದರ ಎದ್ದು ಬರುತ್ತದೆ. ಜಿಡ್ಡು ಉಳಿಯುತ್ತದೆ. ಅದನ್ನು ಕ್ರೇಪ್ ರಬ್ಬರಿನಲ್ಲಿ ಉಜ್ಜಿ ಉಂಡೆ ಮಾಡಿ ತೆಗೆದೆ. ಒಂದರಲ್ಲಿ ಮಾತ್ರ ಥಿನ್ನರ್ ಹಚ್ಚಿ ನೋಡಿದೆ: ಮ್ಯಾಂಡ್ರೇಕನ ಮೇಲಂಗಿಯ ಕೆಂಪು ಅವನ ಮೀಸೆಯವರೆಗೂ ಹರಿಯಿತು. ಮುಂದೆ ಟೇಪು ಇದ್ದವನ್ನು ಹಾಗೇ ಬಿಟ್ಟೆ. ಅದಕ್ಕಿಂತ ಹೆಚ್ಚು ಹೇಳಲು ಇಲ್ಲ.

ಜೂನ್ 30, ಭಾನುವಾರ: ಚೀಟಿ

ಲೈಬ್ರರಿ ಚೀಟಿಗಳನ್ನು ಬಿಡಿಸಲೇಬೇಕಿತ್ತಾ? ಬೇಕಿರಲಿಲ್ಲ. ಆದರೆ ಇಪ್ಪತ್ತೆರಡು ಚೀಟಿಗಳು ಇಡ್ಲಿ ಪಾತ್ರೆಯ ಹಬೆಗೆ ಎರಡು ನಿಮಿಷ ಹಿಡಿದರೆ ಹೂವಿನ ಎಸಳಿನಂತೆ ಬಿಟ್ಟುಕೊಂಡಿದ್ದವು. ಮಾವ ಮೈದಾ ಅಂಟು ಹಚ್ಚಿದ್ದರು, ಮುಖಪುಟದ ಕಾಗದಕ್ಕೆ ಹೊಳಪಿತ್ತು. ಇಪ್ಪತ್ಮೂರನೆಯದು ಸಿಂಡ್ರೆಲಾ.

ಎರಡು ನಿಮಿಷ ಹಬೆ ಕೊಟ್ಟೆ, ಅಲುಗಲಿಲ್ಲ. ಇನ್ನೂ ಎರಡು. ಒಂದು ಮೂಲೆ ಎದ್ದಿತು. ಚಿಮಟದಲ್ಲಿ ಹಿಡಿದೆ. ಆಗ ನಿಲ್ಲಿಸಬೇಕಿತ್ತು. ಮೂಲೆಯ ಅಡಿಯಲ್ಲಿ ಕಂಡದ್ದು ಹಾಲುಬಿಳಿ, ರಬ್ಬರಿನಂತೆ ಎಳೆಯುವ ಪದರ. ಮೈದಾ ಅಲ್ಲ, ಮರಗೆಲಸದ ಬಿಳಿ ಅಂಟು. ಅದು ಹಬೆಗೆ ಮೆತ್ತಗಾಗುತ್ತದೆ, ಕರಗುವುದಿಲ್ಲ. ಮುಖಪುಟಕ್ಕೆ ಹೊಳಪಿರಲಿಲ್ಲ, ಒರಟು ಕಾಗದ ಹಬೆ ಕುಡಿದು ಚೀಟಿಗಿಂತ ಮೊದಲು ತಾನೇ ಸಡಿಲವಾಗಿತ್ತು. ನಾನು ಎಳೆದೆ. ಚೀಟಿ ಬಂತು, ಅದರ ಬೆನ್ನಿಗೆ ಮುಖಪುಟದ ಮೇಲ್ಪದರವೂ ಬಂತು. ಪುಸ್ತಕದ ಮೇಲೆ ಉಳಿದದ್ದು ಎರಡು ಇಂಚಿನ ಚೌಕ, ಬೂದು ಬಣ್ಣದ ಬರೀ ನಾರು.

ಸ್ಟೌ ಆರಿಸಿ ಹೊರಗೆ ಹೋಗಿ ಒಂದು ಗಂಟೆ ಸುಮ್ಮನೆ ನಡೆದು ಬಂದೆ.

ಜುಲೈ 6ರಿಂದ 14: ಕವರು, ಪೆಟ್ಟಿಗೆ

ಚಿಕ್ಕಪೇಟೆಯಲ್ಲಿ ಶರ್ಟು, ಸೀರೆ ತುಂಬುವ ಬಿಒಪಿಪಿ ಕವರು ಸಿಗುತ್ತದೆ, 100ಕ್ಕೆ ₹350. ಪಿವಿಸಿ ಕವರು ಬೇಡ, ಅಚ್ಚಿನ ಬಣ್ಣ ಅದಕ್ಕೇ ಹತ್ತುತ್ತದೆ. ಪುಸ್ತಕಕ್ಕಿಂತ ಸುತ್ತ ಅರ್ಧ ಇಂಚು ದೊಡ್ಡದಿರಲಿ. ಬಾಯಿಗೆ ಅಂಟಿನ ಪಟ್ಟಿ ಇರುವ ಕವರು ತಂದದ್ದು ನನ್ನ ದಡ್ಡತನ. ಪುಸ್ತಕ ಹೊರತೆಗೆಯುವಾಗ ಆ ಪಟ್ಟಿ ರಕ್ಷಾಪುಟಕ್ಕೆ ಕಚ್ಚಿ ಒಂದು ಸಿಪ್ಪೆ ಎಬ್ಬಿಸಿತು. ನೂರು ಕವರಿನ ಪಟ್ಟಿಯನ್ನೂ ಕತ್ತರಿಸಿ, ಬಾಯಿ ಹಿಂದಕ್ಕೆ ಮಡಚಿದೆ.

ಆಮ್ಲರಹಿತ ರಟ್ಟು ನೂರಕ್ಕೆ ₹1,200. ಪುಸ್ತಕ 147, ಕವರೂ ರಟ್ಟೂ ನೂರು. 47 ಕವರುಗಳಲ್ಲಿ ಎರಡೆರಡು ಪುಸ್ತಕ, ನಡುವೆ ರಟ್ಟು; 53ರಲ್ಲಿ ಒಂದೊಂದು. ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ ₹800, ಸಿಲಿಕಾ ಜೆಲ್ ₹200, ತೇವಾಂಶ ಅಳೆಯುವ ಪುಟ್ಟ ಮೀಟರ್ ₹450, ಮೊದಲಿನ ಜಿಪ್ ಕವರು ₹240. ದಾರ, ಟಿಶ್ಯೂ, ಕಟರ್ ಸೇರಿ ಒಟ್ಟು ₹4,470. ಪೆಟ್ಟಿಗೆಯೊಳಗೆ ಮೀಟರ್ ಮೊದಲ ದಿನ 71 ತೋರಿಸಿತು, ಜೆಲ್ ಎರಡು ಸಲ ಬದಲಿಸಿದ ಮೇಲೆ 52ಕ್ಕೆ ನಿಂತಿದೆ. ಪುಸ್ತಕ ನೆಟ್ಟಗೆ ನಿಲ್ಲಿಸಿದ್ದೇನೆ, ಬಾಗದಷ್ಟು ಒತ್ತಾಗಿ, ಬೆರಳು ತೂರುವಷ್ಟು ಸಡಿಲವಾಗಿ.

ಆಗಸ್ಟ್ 10: ಬೆಲೆ

ಅಮೆರಿಕದ ಕಾಮಿಕ್ಸಿಗೆ 1970ರಿಂದ ಓವರ್‌ಸ್ಟ್ರೀಟ್ ದರಪುಸ್ತಕ ಇದೆ, 2000ದಿಂದ ಸಿಜಿಸಿ ಎಂಬ ಸಂಸ್ಥೆ ಹತ್ತರ ಅಳತೆಯಲ್ಲಿ ಸ್ಥಿತಿ ಅಳೆದು ಪೆಟ್ಟಿಗೆಯಲ್ಲಿ ಸೀಲು ಮಾಡಿ ಕೊಡುತ್ತದೆ. ರಿಪೇರಿ ಆದ ಪ್ರತಿಗೆ ಅವರದು ನೇರಳೆ ಚೀಟಿ, ಆ ಬಣ್ಣ ಕಂಡರೆ ಬೆಲೆ ಇಳಿಯುತ್ತದೆ. ಕನ್ನಡದವಕ್ಕೆ ಸಿಗುವ ಅಂದಾಜು ಒಂದೇ, ಯಾರು ಎಷ್ಟಕ್ಕೆ *ಕೊಂಡರು* ಎಂಬುದು. ಮಾರಾಟಕ್ಕಿಟ್ಟವರು ಹೇಳುವ ಬೆಲೆ ಆಸೆಯ ಬೆಲೆ. ಅದನ್ನು ಕೂಡಿದರೆ ನನ್ನ ಪೆಟ್ಟಿಗೆಯಲ್ಲಿ ಒಂದು ಸೈಟು ಇದೆ.

ನನ್ನವನ್ನು ಅದೇ ಹತ್ತರ ಅಳತೆಗೆ ಹಿಡಿದರೆ ಬಹುಪಾಲು ಎರಡರಿಂದ ನಾಲ್ಕು. ಒಬ್ಬ ಸಂಗ್ರಾಹಕರು ಮನೆಗೆ ಬಂದರು. ಇಂದ್ರಜಾಲ ಎತ್ತಿಕೊಂಡವರು ಮುಖಪುಟ ನೋಡಲೇ ಇಲ್ಲ, ನೇರ ನಡುಪುಟ ತೆರೆದರು.

"ದಾರ ಯಾಕೆ ಸಾರ್? ಪಿನ್ನು ಎಲ್ಲಿ?"

"ತುಕ್ಕು ಹಿಡಿದಿತ್ತು."

"ಹಿಡಿದಿದ್ರೆ ಹಿಡೀಲಿ ಬಿಡಿ. ಅದು ಅದರದೇ ಪಿನ್ನು ತಾನೆ?"

ಮೂಲ ಪಿನ್ನಿರುವ ಇಂದ್ರಜಾಲಕ್ಕೆ ತಲಾ ₹400 ಹೇಳಿದರು, ದಾರ ಹೊಲಿದವಕ್ಕೆ ₹150. ಆ ರಾತ್ರಿಯ ಹದಿನಾಲ್ಕು ಪುಸ್ತಕಕ್ಕೆ ₹3,500 ನಷ್ಟ, ನನ್ನದೇ ಕೈಕೆಲಸ. ಪಿನ್ನು ಪುಡಿಯಾಗಿ ಕಾಗದ ತಿನ್ನುತ್ತಿದ್ದ 38ರ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ, ಅವನ್ನು ತೆಗೆಯಲೇಬೇಕಿತ್ತು. ಈ ಮಾತಿಗೆ ಅವರು ಒಪ್ಪಲಿಲ್ಲ. ಮಾವ ಹನ್ನೆರಡು ಸಂಚಿಕೆ ಸೇರಿಸಿ ರೆಕ್ಸಿನ್ ಬೈಂಡ್ ಹಾಕಿಸಿದ್ದ ಸಂಪುಟಕ್ಕೆ ಇನ್ನೂ ಕಡಿಮೆ. ಬೈಂಡ್ ಮಾಡಿದವರು ಅಂಚು ಸಮ ಮಾಡಲು ಕತ್ತರಿಸಿದಾಗ ಮೇಲಿನ ಸಾಲಿನ ಮಾತುಗಳ ತಲೆ ಹಾರಿದೆ. ಅದನ್ನು ಬಿಚ್ಚಿ ಬಿಡಿ ಮಾಡೋಣವಾ ಎಂದೆ. ಕೈ ಮುಗಿದರು.

ಕೊನೆಗೆ ಸಿಂಡ್ರೆಲಾ ತೋರಿಸಿದೆ. ಬಹಳ ಹೊತ್ತು ಪುಟ ತಿರುವಿದರು. ಮೂಲೆಯ ಬೂದು ಚೌಕದ ಮೇಲೆ ಬೆರಳಿಟ್ಟು, "ಇದು ಹಳೇದಾ, ಹೊಸದಾ?" ಎಂದು ಕೇಳಿದರು. ಆರು ವಾರದ್ದು ಎಂದೆ. ಬೆಲೆ ಹೇಳಲಿಲ್ಲ. 1965ರದ್ದು ಇದ್ದರೂ ಇರಬಹುದು, ಬೇರೆ ಯಾರೋ ಅಚ್ಚು ಹಾಕಿದ್ದೂ ಆಗಿರಬಹುದು, ಹೇಳುವ ಸಾಕ್ಷಿ ನೀವು ಕಿತ್ತ ಚೀಟಿಯ ಹಿಂದಿದೆ ಎಂದರು. ತಿರುಗಿ ಅಂಟಿಸಲು ಮಾತ್ರ ಹೋಗಬೇಡಿ.

ಆಗಸ್ಟ್ 11, ಇಲ್ಲಿಗೆ ನಿಂತಿದೆ

ಚೀಟಿಯನ್ನು ಬಿಸಾಡಿರಲಿಲ್ಲ, ಪುಣ್ಯ. ಹಿಂಬದಿಯಲ್ಲಿ ಮುಖಪುಟದ ಚರ್ಮ ಹಾಗೇ ಇದೆ, ಅದರ ತೆಳು ನಾರಿನ ಮೂಲಕ ಅಚ್ಚು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಾಣುತ್ತದೆ. ಟಾರ್ಚು ಹಿಡಿದು ಫೋಟೋ ತೆಗೆದು, ಫೋನಿನಲ್ಲಿ ಎಡಬಲ ಮಗುಚಿ ನೋಡಿದೆ. ಒಂದು ಹಳದಿ ಪಟ್ಟಿ. ಕಪ್ಪು ಗೆರೆಯೊಂದು ಬಾಗಿ ಹೋಗಿ ಕೆಳಗೆ ಬಾಲ ಬಿಟ್ಟಿದೆ. 2 ಇರಬಹುದು. ಬೆಲೆಯ ಕೊನೆಯ ಅಂಕಿ ಇರಬಹುದು. ಯಾವುದೋ ಅಕ್ಷರದ ಒತ್ತೂ ಇರಬಹುದು. ಉಳಿದದ್ದರ ಮೇಲೆ ನಾರು ದಪ್ಪಗಿದೆ. ಅದನ್ನು ಬಿಡಿಸಲು ನನಗೆ ಇನ್ನು ಧೈರ್ಯವಿಲ್ಲ, ಈ ಕೆಲಸ ಬಲ್ಲವರು ಸಿಗುವವರೆಗೆ ಹೀಗೇ ಇರಲಿ.

ಸಾಗರದಿಂದ ಬಂದ ಅಮ್ಮ ಪೆಟ್ಟಿಗೆ ನೋಡಿ, ಚೀಟಿಯನ್ನು ಕೈಗೆ ತೆಗೆದುಕೊಂಡು ಮಗುಚಿದಳು. "ಅಣ್ಣನ ಅಕ್ಷರ ಇರೋದು ಈ ಕಡೆ. ಇದು ಮೇಲೆ ಕಾಣೋ ಹಾಗೆ ಇಡೋ."

ನನಗೆ ಬೇಕಿದ್ದದ್ದು ಆ ಕಡೆ. ಎರಡೂ ಕಡೆ ಕಾಣುವ ಪಾರದರ್ಶಕ ಪಾಲಿಯೆಸ್ಟರ್ ಕವರು ತಂದು, ರಟ್ಟು ಹಾಕದೆ, ಸಿಂಡ್ರೆಲಾದ ಮುಂದೆ ನಿಲ್ಲಿಸಿದ್ದೇನೆ. ಒಂದಕ್ಕೆ ₹8.